ತಾತ್ಕಾಲಿಕವಾಗಿ ನಿಂತ ವಿಮಾನ

ನಾನು ಈವರೆಗೆ ವಿಮಾನ ಹತ್ತಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ಏಕೆಂದರೆ ಮುಂದೆ ನಾನು ವಿಮಾನಗಳ ಬಗ್ಗೆ ಎಲ್ಲ ಬಲ್ಲವನಂತೆ ಮಾತಾಡಲಿದ್ದೇನೆ. ನಾಗಮಂಗಲದ ನಮ್ಮ ಮನೆಯ ಬೀರುವಿನಲ್ಲಿ, ಜಾತಕಗಳ ಪಕ್ಕದಲ್ಲಿ, ಒಂದು ದಪ್ಪ ಫೈಲಿದೆ. ಅದರೊಳಗಿರುವುದೆಲ್ಲ ಮುಚ್ಚಿಹೋದ ಸಣ್ಣಪುಟ್ಟ ವಿಮಾನ ಕಂಪನಿಗಳ ಸುದ್ದಿ. ಪತ್ರಿಕೆಯಲ್ಲಿ ಕಂಡಾಗಲೆಲ್ಲ ಕತ್ತರಿಸಿ ಇಟ್ಟಿದ್ದೇನೆ. ನನ್ನ ಹೆಂಡತಿ ಅದನ್ನು ‘ತಿಥಿ ಫೈಲು’ ಎನ್ನುತ್ತಾಳೆ. ನಿವೃತ್ತ ಮೇಷ್ಟರುಗಳಿಗೆ ಏನಾದರೊಂದು ಗೀಳು ಬೇಕೇ ಬೇಕು ಎಂದು ಅವಳು ನನ್ನನ್ನು ಕ್ಷಮಿಸಿದ್ದಾಳೆ.

ದೊಡ್ಡ ಕಂಪನಿಗಳ ಚರಿತ್ರೆಯಲ್ಲಿ ನನಗೆ ಆಸಕ್ತಿಯಿಲ್ಲ. ಸಣ್ಣವುಗಳದ್ದು ಹೆಚ್ಚುಕಡಿಮೆ ಒಂದೇ ಕಥೆಯಾದರೂ ಓದಿದಷ್ಟೂ ಸಾಲದು. ಒಬ್ಬ ನಿವೃತ್ತ ಪೈಲಟ್ಟೋ, ಬಟ್ಟೆ ವ್ಯಾಪಾರದಲ್ಲಿ ಕೈ ಕುದುರಿದವನೋ ಇದ್ದಕ್ಕಿದ್ದಂತೆ ಎರಡು ವಿಮಾನ ಬಾಡಿಗೆಗೆ ತರುತ್ತಾನೆ. ಅದರ ಮೂಗಿಗೆ ಕುಂಕುಮ ಹಚ್ಚಿ, ಚಕ್ರದ ಮುಂದೆ ಕಾಯಿ ಒಡೆದು, ದೊಡ್ಡವರು ಹೋಗದ ಊರಿಗೆ ನಾವು ಹೋಗುತ್ತೇವೆ ಎನ್ನುತ್ತಾನೆ. ಹೋಗುತ್ತಾನೆ ಕೂಡ. ಆಮೇಲೆ ಎಣ್ಣೆಯ ಬೆಲೆ ಏರುತ್ತದೆ. ಒಂದು ವಿಮಾನ ಯಾವುದೋ ಬಿಡಿಭಾಗಕ್ಕೆ ಕಾಯುತ್ತ ನಿಲ್ಲುತ್ತದೆ. ನಿಂತದ್ದರ ಭಾಗಗಳನ್ನು ಬಿಚ್ಚಿ ಹಾರುವ ಇನ್ನೊಂದಕ್ಕೆ ಹಾಕುತ್ತಾರೆ. ಕೊನೆಗೆ ಒಂದು ಸಂಜೆ ಪ್ರಕಟಣೆ ಹೊರಡುತ್ತದೆ: ‘ನಮ್ಮ ಹಾರಾಟವನ್ನು ತಾತ್ಕಾಲಿಕವಾಗಿ ನಿಲ್ಲಿಸಲಾಗಿದೆ.’

ಈ ‘ತಾತ್ಕಾಲಿಕ’ ಎಂಬ ಮಾತೇ ನನ್ನನ್ನು ಹಿಡಿದುಕೊಂಡದ್ದು. ನನ್ನ ಫೈಲಿನಲ್ಲಿ ‘ನಾವು ಮುಚ್ಚಿದ್ದೇವೆ’ ಎಂದು ಹೇಳಿದ ಕಂಪನಿ ಒಂದೂ ಇಲ್ಲ. ಎಲ್ಲವೂ ತಾತ್ಕಾಲಿಕವಾಗಿಯೇ ಸತ್ತಿವೆ.

ಇದರ ಬೇರು ಎಲ್ಲಿದೆಯೆಂದು ನನಗೆ ಗೊತ್ತು. ನಮ್ಮಪ್ಪ ಕೆ.ಆರ್. ಪೇಟೆಯಲ್ಲಿ ಎರಡೇ ಬಸ್ಸಿದ್ದ ಒಂದು ಕಂಪನಿಯ ಏಜೆಂಟರಾಗಿದ್ದರು. ಒಂದು ಬೆಳಿಗ್ಗೆ ಎರಡೂ ಬಸ್ಸು ಬರಲಿಲ್ಲ. ಅಪ್ಪ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ‘ಈ ದಿನ ಬಸ್ಸು ಇಲ್ಲ’ ಎಂದು ಬರೆದರು. ಆಮೇಲೆ ಆ ಬಸ್ಸು ಎಂದೂ ಬರಲಿಲ್ಲ. ಅಪ್ಪ ಆ ಬರಹವನ್ನು ಅಳಿಸಲೂ ಇಲ್ಲ. ಅಳಿಸಿದ್ದರೆ ಬೇರೆ ಏನನ್ನಾದರೂ ಬರೆಯಬೇಕಾಗುತ್ತಿತ್ತಲ್ಲ. ಮುಂಗಾರು ಬಂದು ತೊಳೆಯುವ ತನಕ ಕೆ.ಆರ್. ಪೇಟೆಯಲ್ಲಿ ‘ಈ ದಿನ’ ಮುಗಿಯಲೇ ಇಲ್ಲ.

ಇನ್ನು ಇಲಿಯಾಸನ ವಿಷಯಕ್ಕೆ ಬರುತ್ತೇನೆ. ನಾನು ಪಾಂಡವಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದಾಗ ಅವನು ನನ್ನ ವಿದ್ಯಾರ್ಥಿ. ಶ್ರೀರಂಗಪಟ್ಟಣದ ಗಂಜಾಮಿನವನು. ತಂದೆ ಗಫೂರ್ ಸಾಬರು ಜಟಕಾ ಓಡಿಸುತ್ತಿದ್ದವರು. ಕರಿಘಟ್ಟದ ದೇವರಿಗೆ ಹೋಗುವವರನ್ನೆಲ್ಲ ಬೆಟ್ಟದ ಬುಡಕ್ಕೆ ಇಳಿಸುತ್ತಿದ್ದವರು. ಜಟಕಾ ಹತ್ತುವವರೇ ಇಲ್ಲವಾದ ಮೇಲೂ ಸಾಬರು ಆ ಕುದುರೆಯನ್ನು ಮಾರಲಿಲ್ಲ. ಅದು ಸಾಯುವ ತನಕ ಹುಲ್ಲು ಹಾಕಿದರು. ಅವರ ಮಗ ಓದಿ, ವಿಮಾನದ ಇಂಜಿನಿಯರಾಗಿ, ಮೈಸೂರಿಗೆ ಹಾರಾಟ ಶುರುಮಾಡಿದ್ದ ಒಂದು ಸಣ್ಣ ಕಂಪನಿಗೆ ಸೇರಿದ. ಅವನು ತಪಾಸಣೆ ಮಾಡಿ ದಾಖಲೆ ಪುಸ್ತಕದಲ್ಲಿ ಸಹಿ ಹಾಕದೆ ವಿಮಾನ ನೆಲ ಬಿಡುವಂತಿಲ್ಲ ಎಂದು ಕೇಳಿದಾಗ ನನಗೆ ಆದ ಹೆಮ್ಮೆ ಅಷ್ಟಿಷ್ಟಲ್ಲ. ಅವನ ಪ್ರೋಗ್ರೆಸ್ ಕಾರ್ಡಿನ ಮೇಲೆ ಸಹಿ ಹಾಕುತ್ತಿದ್ದವನು ನಾನು!

ಅವನ ಕಂಪನಿಯ ವಿಮಾನವೂ ಹೊಸದೇನಲ್ಲ. ಸಣ್ಣ ಕಂಪನಿಗಳಿಗೆ ಹೊಸ ವಿಮಾನ ಸಿಗುವುದು ಅಪರೂಪ. ಒಂದೇ ವಿಮಾನ ನಾಲ್ಕು ದೇಶದಲ್ಲಿ ನಾಲ್ಕು ಹೆಸರು ಹೊತ್ತು ಬಾಳುತ್ತದೆ. ಬಿಸಿಲು ಓರೆಯಾಗಿ ಬಿದ್ದಾಗ ಬಣ್ಣದ ಕೆಳಗೆ ಹಳೆಯ ಅಕ್ಷರ ಕಾಣುತ್ತವೆ ಎಂದು ಇಲಿಯಾಸ್ ಹೇಳುತ್ತಿದ್ದ. ಆಯುಧಪೂಜೆಯ ದಿನ ಜೊತೆಯವರು ಅದರ ಆರು ಚಕ್ರಗಳಿಗೂ ನಿಂಬೆಹಣ್ಣು ಇಡುತ್ತಿದ್ದರಂತೆ. ಇಲಿಯಾಸ್ ಬೇಡವೆನ್ನುತ್ತಿರಲಿಲ್ಲ. ಆರು ಹಣ್ಣನ್ನು ಎಣಿಸಿ ಕೊಟ್ಟು, ಚಕ್ರ ಹತ್ತಿ ಇಳಿದ ಮೇಲೆ ಆರರ ಸಿಪ್ಪೆಯನ್ನೂ ಎಣಿಸಿ ಎತ್ತಿಕೊಳ್ಳುತ್ತಿದ್ದ. ನೆಲದ ಮೇಲೆ ಏನೇ ಬಿದ್ದಿದ್ದರೂ ಇಂಜಿನ್ನಿಗೆ ಕಂಟಕ. ಅದಕ್ಕೆ ಭಕ್ತಿ ಗೊತ್ತಾಗುವುದಿಲ್ಲ.

“ಸಾ, ನಮ್ಮ ಇಮಾನ್ದಾಗೆ ಒಂದ್ಸಲ ಓಗ್ಬನ್ನಿ ಸಾ. ನಾನೇ ಸೈನ್ ಆಕಿ ಕಳಿಸ್ತೀನಿ,” ಎಂದು ಅವನು ವರ್ಷಗಟ್ಟಲೆ ಕರೆದ. ನಾನು ಮಂಡಿನೋವು, ಮಳೆ, ಮದುವೆ, ಪರೀಕ್ಷೆ ಎಲ್ಲವನ್ನೂ ನೆಪ ಮಾಡಿದೆ. ಕೊನೆಗೆ ಹೆಂಡತಿಯ ಎದುರು ಮಾನ ಉಳಿಸಿಕೊಳ್ಳಲು ಹೈದರಾಬಾದಿಗೆ ಎರಡು ಟಿಕೆಟ್ ಮಾಡಿಸಿದೆ. ಬರುವಾಗ ರೈಲು, ಹೋಗುವಾಗ ಇಲಿಯಾಸನ ವಿಮಾನ. ಹೊರಡುವ ಹಿಂದಿನ ಸಂಜೆ ಫೋನಿಗೆ ಸಂದೇಶ ಬಂತು. ಹಾರಾಟವನ್ನು ತಾತ್ಕಾಲಿಕವಾಗಿ ನಿಲ್ಲಿಸಲಾಗಿದೆ.

ಈಗ ಬರೆಯುವಾಗಲೂ ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಆ ಸಂದೇಶ ಓದಿ ನನಗೆ ಜೀವ ಬಂದಂತಾಯಿತು. ಅಂದು ಮಧ್ಯಾಹ್ನದಿಂದ ಹೆದರಿಕೆಯಲ್ಲಿ ಏನೂ ತಿಂದಿರದ ನಾನು ಎರಡು ಮುದ್ದೆ ಉಂಡೆ. ಕೈ ತೊಳೆಯುವಾಗ ಇಲಿಯಾಸ್ ನೆನಪಾದ. ಅಲ್ಲಿಯವರೆಗೆ ನೆನಪಾಗಿರಲಿಲ್ಲ. ಅಷ್ಟೊಂದು ಚರಿತ್ರೆ ಓದಿದವನಿಗೆ ಆ ಪದದ ಅರ್ಥ ಎಲ್ಲರಿಗಿಂತ ಮೊದಲು ಹೊಳೆಯಬೇಕಿತ್ತು.

ಕೆಲವೇ ವಾರಗಳಲ್ಲಿ ಎಲ್ಲರೂ ಚೆದುರಿದರು. ಪೈಲಟ್ಟುಗಳು ಬೇರೆ ಕಂಪನಿ ಹುಡುಕಿಕೊಂಡರು. ಒಂದು ವಿಮಾನ ಮಾತ್ರ ಮೈಸೂರಿನ ನಿಲ್ದಾಣದ ಮೂಲೆಯಲ್ಲಿ ನಿಂತುಬಿಟ್ಟಿತು. ಅದರ ಅಸಲಿ ಮಾಲೀಕರು ದೂರದ ಯಾವುದೋ ದೇಶದವರು. ಕಾಗದಪತ್ರದ ಜಗಳ ಮುಗಿಯುವ ತನಕ ಅದನ್ನು ಕದಲಿಸುವಂತಿರಲಿಲ್ಲ. ನೋಡಿಕೊಳ್ಳಲು ಒಬ್ಬನಾದರೂ ಬೇಕಿದ್ದರಿಂದ ಇಲಿಯಾಸನ ಒಳಹೋಗುವ ಪಾಸು ಉಳಿಯಿತು. ಸಂಬಳ ಉಳಿಯಲಿಲ್ಲ.

ಅವನು ಕ್ಯಾತನಹಳ್ಳಿಯಲ್ಲಿ ಕಬ್ಬಿನ ಟ್ರಾಕ್ಟರು ರಿಪೇರಿ ಮಾಡುವ ಒಂದು ಶೆಡ್ಡಿಗೆ ಸೇರಿಕೊಂಡ. ವಾರಕ್ಕೆರಡು ಸಲ ಸ್ಕೂಟರಿನಲ್ಲಿ ಮೈಸೂರಿಗೆ ಹೋಗಿ ಬರುತ್ತಿದ್ದ. ನಿಂತ ವಿಮಾನಕ್ಕೂ ಕೆಲಸ ಉಂಟು ಎಂದು ನನಗೆ ತಿಳಿದದ್ದೇ ಆಗ. ಇಂಜಿನ್ನಿನ ಬಾಯಿಗೆ ಮುಚ್ಚಳ ಹಾಕದಿದ್ದರೆ ಹಕ್ಕಿ ಗೂಡು ಕಟ್ಟುತ್ತದೆ. ಟ್ಯಾಂಕಿನ ತಳದಲ್ಲಿ ನೀರು ಸೇರುತ್ತದೆ. ಒಂದೇ ಕಡೆ ಭಾರ ಬಿದ್ದರೆ ಟೈರು ಚಪ್ಪಟೆಯಾಗಿ ಹಾಗೇ ಕೂತುಬಿಡುತ್ತದೆ. ಅದಕ್ಕಾಗಿ ಅಲ್ಲಿನ ಎಳೆಯುವ ಗಾಡಿಗೆ ವಿಮಾನವನ್ನು ಕಟ್ಟಿಸಿ, ಅರ್ಧ ಮಾರು ಮುಂದೆ ಒಂದು ವಾರ, ಅರ್ಧ ಮಾರು ಹಿಂದೆ ಒಂದು ವಾರ, ಚಕ್ರಗಳನ್ನು ತಿರುಗಿಸಿ ನಿಲ್ಲಿಸುತ್ತಿದ್ದ. ದಸರಾ ಬಂತು. ನಿಂಬೆಹಣ್ಣು ಇಡುವವರು ಯಾರೂ ಇರಲಿಲ್ಲ. ಐದು ಹೊತ್ತಿನ ನಮಾಜು ತಪ್ಪಿಸದ ಇಲಿಯಾಸನೇ ಶ್ರೀರಂಗಪಟ್ಟಣದ ಸಂತೆಯಿಂದ ಆರು ಹಣ್ಣು ಒಯ್ದು, ಚಕ್ರಕ್ಕಿಟ್ಟು, ಆರು ಸಿಪ್ಪೆ ಎತ್ತಿಕೊಂಡು ಬಂದ. “ಉಳಿದೋರೆಲ್ಲ ಒಂಟೋದ್ರಲ್ಲ ಸಾ, ಅವ್ರ ಪರ್ವಾಗಿ ಇಕ್ದೆ,” ಎಂದ.

ಅದೇ ಹೊತ್ತಿಗೆ ಬೇರೆ ರಾಜ್ಯದ ಒಂದು ಕಂಪನಿ ಅವನನ್ನು ಕೆಲಸಕ್ಕೆ ಕರೆಯಿತು. ಅವನು ಹೋಗಲಿಲ್ಲ. ವಿಮಾನದ ಇಂಜಿನಿಯರು ಇಷ್ಟು ಕಾಲದೊಳಗೆ ಇಷ್ಟು ದಿನವಾದರೂ ಹಾರುವ ವಿಮಾನದ ಮೇಲೆ ಕೆಲಸ ಮಾಡದಿದ್ದರೆ ಅವನ ಲೈಸೆನ್ಸು ನಡೆಯುವುದಿಲ್ಲ ಎಂಬ ನಿಯಮವೊಂದಿದೆ. ಆ ಗಡುವೂ ಹತ್ತಿರ ಬರುತ್ತಿತ್ತು. ಗಫೂರ್ ಸಾಬರು ನನಗೆ ಹೇಳಿ ಕಳುಹಿಸಿದರು. ಬುದ್ಧಿ ಹೇಳಲೆಂದು ಗಂಜಾಮಿಗೆ ಹೋದೆ.

“ಯಾಕೋ ಇಲಿಯಾಸ, ಅದೇನು ನಿನ್ನ ವಿಮಾನವೇನೋ? ಕಂಪನಿಯೇ ಇಲ್ಲ. ಯಾರಿಗಾಗಿ ಕಾಯ್ತಾ ಇದ್ದೀಯ?” ಎಂದೆ.

ಅವನು ಕೈಯ ಗ್ರೀಸು ಒರೆಸಿಕೊಂಡ. “ಕೊನೇ ಸಲ ಅದು ಇಳ್ದಾಗ ಬುಕ್ಕಲ್ಲಿ ಸೈನ್ ಆಕಿ ಇಸ್ಕೊಂಡೋನು ನಾನು ಸಾ. ಮುಂದ್ಲ ಪೇಜು ಅಂಗೇ ಖಾಲಿ ಅದೆ. ಸೈನ್ ಆಕಿ ಕಳಿಸ್ದಲೆ ಎಂಗೆ ಓಗ್ಲಿ? ಒಂದ್ಸಲ ಆರ್ಬುಡ್ಲಿ, ಆಮೇಲೆ ಎಲ್ಗಾರಾ ಓಯ್ತೀನಿ.”

ನಾನು ಸಾಬರ ಮುಖ ನೋಡಿದೆ. ಕೆಲಸವಿಲ್ಲದ ಕುದುರೆಗೆ ಹುಲ್ಲು ಹಾಕಿದ ಮನುಷ್ಯ ಮಗನಿಗೆ ಏನು ಹೇಳಿಯಾರು? ಅವರು ಗೋಡೆಯ ಕಡೆ ತಿರುಗಿಕೊಂಡರು. ನಾನು ಬುದ್ಧಿ ಹೇಳಲು ಬಂದವನು ಚಹಾ ಕುಡಿದು ಎದ್ದೆ. ನಾಗಮಂಗಲದ ಬಸ್ಸಿನಲ್ಲಿ ಕೂತಾಗ ನನ್ನ ಫೈಲಿನ ಮೇಲೆ ಮೊದಲ ಬಾರಿಗೆ ಬೇಸರವಾಯಿತು. ಅದರಲ್ಲಿ ಕಂಪನಿ ಕಟ್ಟಿದವರ ಫೋಟೋ ಇದ್ದವು, ಅವರ ಮಾತುಗಳಿದ್ದವು. ಕಂಪನಿ ಮುಚ್ಚಿದ ಮರುದಿನ ಹೋಗಿ ಚಕ್ರ ತಿರುಗಿಸಿದವನ ಬಗ್ಗೆ ಒಂದು ಸಾಲೂ ಇರಲಿಲ್ಲ.

ವರ್ಷ ದಾಟಿ ಒಂದು ತಿಂಗಳಾದ ಮೇಲೆ ಜಗಳ ಮುಗಿಯಿತು. ಮಾಲೀಕರ ಕಡೆಯ ಇಂಜಿನಿಯರುಗಳು ಬಂದು ವಿಮಾನದ ಮೈಯ ತಗಡುಗಳನ್ನು ಬಿಚ್ಚಿ ಬಿಚ್ಚಿ ನೋಡಿದರು. ತುಕ್ಕು, ಗೂಡು, ಸತ್ತ ಟೈರು ಸಿಗುವುದೆಂದು ಬಂದವರಿಗೆ ಏನೂ ಸಿಗಲಿಲ್ಲವಂತೆ. ಕೆಲವೇ ವಾರಗಳಲ್ಲಿ ಅದನ್ನು ಹಾರಿಸಿಕೊಂಡು ಹೋಗುವುದೆಂದೂ ಪುಸ್ತಕದ ಸಹಿಯನ್ನು ಇಲಿಯಾಸನೇ ಹಾಕುವುದೆಂದೂ ಆಯಿತು. ಹಾರುವ ಹಿಂದಿನ ದಿನ ಇಲಿಯಾಸ್ ನನಗೆ ಫೋನು ಮಾಡಿದ. “ಸಾ, ನಾಳೆ ಅಬ್ಬಾನ ಕರಿಘಟ್ಟಕ್ಕೆ ಕರ್ಕೊಂಡೋಗ್ತೀರಾ? ಮೇಲಕ್ಕೆದ್ದು ಬಡಗ್ಲಾಗಿ ತಿರಿಕ್ಕೊತದೆ. ಅನ್ನೊಂದ್ ಗಂಟೆಗೆ ಅಲ್ಲಿಂದ ಕಾಣ್ತದೆ.”

ಸಾಬರಿಗೆ ಎಂಬತ್ತು ದಾಟಿದೆ. ಆಟೋದಲ್ಲಿ ಬೆಟ್ಟದ ಮೇಲಕ್ಕೆ ಹೋದೆವು. ದೇವಸ್ಥಾನದ ಹೊರಗಿನ ಕಟ್ಟೆಯ ಮೇಲೆ ನೆರಳು ನೋಡಿ ಅವರನ್ನು ಕೂರಿಸಿದೆ. ಕೆಳಗೆ ಲೋಕಪಾವನಿ ಕಾವೇರಿಗೆ ಸೇರುವ ಕಡೆ ನೀರು ಹೊಳೆಯುತ್ತಿತ್ತು. ಹನ್ನೊಂದು ಕಳೆಯಿತು. ಹನ್ನೆರಡೂ ಕಳೆಯಿತು. ಇಲಿಯಾಸನ ಫೋನು ಸ್ವಿಚ್ ಆಫ್. ನನ್ನ ತಲೆಯೊಳಗೆ ಆ ಹಾಳು ಪದ ಸುತ್ತುತ್ತಲೇ ಇತ್ತು. ಅಂದು ಸಂದೇಶ ಓದಿ ಮುದ್ದೆ ಉಂಡವನು ಇಂದು ಒಂದು ವಿಮಾನ ಹಾರಲಿ ಎಂದು ಕರಿಘಟ್ಟದ ಶ್ರೀನಿವಾಸನಿಗೆ ಮನಸ್ಸಿನಲ್ಲೇ ಹರಕೆ ಹೊತ್ತೆ. ಹಾರಿದರೆ ನಾನೂ ಒಮ್ಮೆ ಹತ್ತುತ್ತೇನೆ ಎಂಬುದೇ ಹರಕೆ. ಅದಕ್ಕಿಂತ ದೊಡ್ಡ ತ್ಯಾಗ ನನ್ನ ಕೈಲಿರಲಿಲ್ಲ.

ಒಂದೂವರೆಗೆ ಫೋನು ಬಂತು. “ಸೈನ್ ಆಕ್ಬುಟ್ಟೆ ಸಾ,” ಎಂದಷ್ಟೇ ಹೇಳಿ ಇಟ್ಟುಬಿಟ್ಟ.

ಮೊದಲು ಸದ್ದು ಕೇಳಿಸಿತು. ಆಮೇಲೆ ಮೈಸೂರಿನ ಕಡೆಯಿಂದ, ಕಬ್ಬಿನ ಗದ್ದೆಗಳ ಮೇಲೆ, ಅದು ಕಂಡಿತು. ಅಡಿಯಿಂದ ಮುಡಿಯವರೆಗೆ ಬಿಳಿ ಬಣ್ಣ ಬಳಿದಿದ್ದರು. ಬಾಲದ ಮೇಲಿದ್ದ ಕಂಪನಿಯ ಹೆಸರು, ಚಿತ್ರ, ಒಂದೂ ಇಲ್ಲ. ಸಾಬರು ಕೋಲೂರಿ ಎದ್ದು ನಿಂತರು.

“ಯಾರ್ದು ಮೇಷ್ಟ್ರೇ ಅದು? ಎಸ್ರೇ ಇಲ್ವಲ್ಲ?”

“ನಿಮ್ಮ ಇಲಿಯಾಸಂದು ಸಾಬ್ರೇ,” ಎಂದೆ.

ವಿಮಾನ ನಮ್ಮ ತಲೆಯ ಮೇಲೆ ಬಂದಾಗ ಸಾಬರು ಹಣೆಗೆ ಕೈ ಅಡ್ಡ ಹಿಡಿದು ಅದರ ಹೊಟ್ಟೆಯನ್ನೇ ನೋಡಿದರು. ಜಟಕಾ ಓಡಿಸಿದವರ ಕಣ್ಣು ಮೊದಲು ಹೋಗುವುದು ಗಾಲಿಯ ಕಡೆಗೆ. “ಅರೆ, ಚಕ್ರ ಎಲ್ಲೋದ್ವು?” ಎಂದರು.

“ಮೇಲಕ್ಕೆದ್ದ ಮೇಲೆ ಒಳಕ್ಕೆ ಮಡಚಿಕೊಳ್ಳುತ್ತೆ ಸಾಬ್ರೇ. ಹಾರುವಾಗ ಅವು ಬೇಕಾಗಲ್ಲ.”

ವಿಮಾನ ಪಾಂಡವಪುರದ ಕಡೆ ಚಿಕ್ಕದಾಗುತ್ತ ಹೋಯಿತು. ಆಮೇಲೆ ಸಾಬರ ಮುಖದಲ್ಲಿ ನಗು ಬಂತು. ಕಣ್ಣು ಮಾತ್ರ ತುಂಬಿಕೊಂಡಿತ್ತು.

“ಒಳಕ್ ಮಡಗಕ್ಕಾ ಮೇಷ್ಟ್ರೇ, ನನ್ ಮಗ ಒಂದ್ವರ್ಸ ಅದ್ನ ತಿರುಗ್ಸಿದ್ದು?”

“ಹೌದು ಸಾಬ್ರೇ,” ಎಂದೆ. “ಅದಕ್ಕೇ.”