ಗಾಳಿ ಅತ್ತೆಯ ಮದುವೆಗೆ ನುಡಿಸುವವರು ಯಾರು?

ನಮ್ಮಪ್ಪನ ಅಕ್ಕನಿಗೆ ಚರ್ಚಿನವರೆಲ್ಲ ಸೇರಿ ಇಟ್ಟ ಹೆಸರು ಗಾಳಿ ಅತ್ತೆ. ಚರ್ಚಿನ ಹಳೇ ಆರ್ಗನ್ನಿನ ಪೆಡಲುಗಳನ್ನು ಎರಡೂ ಕಾಲಿನಿಂದ ತುಳಿದು ಗಾಳಿ ತುಂಬಿಸುತ್ತ, ಕೈಯಿಂದ ಹಾಡು ನುಡಿಸುವ ಕೆಲಸ ಅವಳದು. ನಾನು ಹುಟ್ಟುವ ಮೊದಲಿನಿಂದಲೂ ಆ ಬೆಂಚು ಅವಳದೇ. ಬೇರೆ ಯಾರಾದರೂ ಅಲ್ಲಿ ಕೂತರೆ ಅವರ ಕಥೆ ಮುಗಿದಂತೆ. ಎಷ್ಟು ವಧುಗಳನ್ನು ಬಾಗಿಲಿನಿಂದ ಬಲಿಪೀಠದವರೆಗೆ ನಡೆಸಿದಳೋ ಲೆಕ್ಕವಿಲ್ಲ. ಅವಳದೇ ಮದುವೆಯ ಮಾತೆತ್ತಿದರೆ ಮಾತ್ರ "ನಂಗೆಲ್ಲಿದೆ ಪುರುಸೊತ್ತು?" ಎನ್ನುತ್ತಿದ್ದಳು.

ಆ ಆರ್ಗನ್ನಿಗೊಂದು ಕಾಯಿಲೆ ಇತ್ತು. ಒಳಗಿನ ತಿದಿ ಎಲ್ಲೋ ಸೋರುತ್ತಿತ್ತು. ಯಾವ ಹಾಡಾದರೂ ಸರಿ, ಮೂರನೆಯ ಸಾಲು ಮುಗಿಯುವಷ್ಟರಲ್ಲಿ ಗಾಳಿ ಖಾಲಿ. ಅತ್ತೆ ನಿಲ್ಲಿಸಿ, ದಬದಬ ತುಳಿದು, ಗಾಳಿ ತುಂಬಿದ ಮೇಲೆಯೇ ನಾಲ್ಕನೆಯ ಸಾಲು. ಸಭೆಗೂ ಅದೇ ರೂಢಿ. ಎಲ್ಲರೂ ಗಪ್ಪನೆ ನಿಂತು, ಮೂಗು ಒರೆಸಿಕೊಂಡು, ಸೆರಗು ಸರಿಮಾಡಿಕೊಂಡು ಆಮೇಲೆ ಮುಂದುವರಿಯುವುದು. ಹಾಡು ಇರುವುದೇ ಹಾಗೆ ಎಂದು ನಾನು ಬಹಳ ವರ್ಷ ನಂಬಿದ್ದೆ. ಬೇರೆ ಊರಿನ ಚರ್ಚಿನಲ್ಲಿ ಜನ ನಿಲ್ಲದೆ ಹಾಡಿದಾಗ, ಇವರಿಗೇನು ಬಸ್ಸು ತಪ್ಪಿಹೋಗುತ್ತಾ ಎಂದು ಅಮ್ಮನನ್ನು ಕೇಳಿ ಬೈಸಿಕೊಂಡಿದ್ದೆ.

ಹೀಗಿರುವಾಗ ನಮ್ಮ ಸಭೆಗೆ ಲಿಫ್ಟ್ ಸಾರ್ ಬಂದರು. ದೊಡ್ಡ ದೊಡ್ಡ ಕಟ್ಟಡಗಳ ಲಿಫ್ಟ್ ರಿಪೇರಿ ಮಾಡಿ ನಿವೃತ್ತರಾದವರು, ಹೆಂಡತಿ ತೀರಿಕೊಂಡು ಒಂಟಿಯಾಗಿದ್ದರು. ಸುಮ್ಮನೆ ಕೂರುವ ಜಾಯಮಾನ ಅವರದಲ್ಲ. ಕಮಿಟಿಯವರ ತಲೆ ತಿಂದು ಒಂದು ಕಂಪ್ಯೂಟರ್ ತರಿಸಿ, ಸ್ಪೀಕರುಗಳ ಸಮೇತ ಬಲಗಡೆಯ ಮೂಲೆಯಲ್ಲಿ ಠಿಕಾಣಿ ಹೂಡಿದರು. ಇನ್ನು ಮುಂದೆ ಸಂಗೀತ ಡಬ್ಬದೊಳಗಿಂದ. ಎಡಗಡೆಯ ಬೆಂಚಿನ ಮೇಲೆ ಅತ್ತೆ ಮುಖ ಊದಿಸಿಕೊಂಡು ಕೂತಳು.

ಮೊದಲ ಭಾನುವಾರವೇ ಎಡವಟ್ಟಾಯಿತು. ಮೂರನೆಯ ಸಾಲು ಮುಗಿದದ್ದೇ ತಡ, ಸಭೆ ರೂಢಿಯಂತೆ ನಿಂತಿತು. ಕಂಪ್ಯೂಟರಿಗೇನು ಗೊತ್ತು? ಅದು ಹೋಗಿಯೇಬಿಟ್ಟಿತು! ಚುರುಕಿನವರು ಅದರ ಬೆನ್ನಟ್ಟಿದರು, ಉಳಿದವರು ಜಪ್ಪಯ್ಯ ಅಂದರೂ ಅವಸರ ಮಾಡಲಿಲ್ಲ. ಸಂಗೀತ ನಿಂತಾಗ ಅರ್ಧ ಸಭೆಗೆ ಇನ್ನೂ ಒಂದು ಚರಣ ಬಾಕಿ. ಪಾಸ್ಟರ್ ಯಾರಿಗೆ ಆಮೆನ್ ಹೇಳುವುದೆಂದು ತಿಳಿಯದೆ ಎರಡು ಸಲ ಹೇಳಿದರು. ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕಳು, ಅದೂ ಪ್ರಾರ್ಥನೆ ಶುರುವಾದ ಮೇಲೆ.

ಮಾರನೆಯ ದಿನ ಲಿಫ್ಟ್ ಸಾರ್ ನಮ್ಮ ಮನೆ ಬಾಗಿಲಲ್ಲಿ ಹಾಜರ್.

"ಮೇಡಂ, ಎಲ್ಲೆಲ್ಲಿ ನಿಲ್ಲಿಸ್ಬೇಕು ಅಂತ ಸ್ವಲ್ಪ ಹೇಳ್ಕೊಡ್ತೀರಾ?"

"ನಿಮ್ಮ ಡಬ್ಬಾನೇ ಕೇಳಿ. ಅದಕ್ಕೆ ಎಲ್ಲಾ ಗೊತ್ತಲ್ವಾ?" ಎಂದಳು ಅತ್ತೆ.

"ಅದಕ್ಕೆ ಉಸಿರಾಡೋದು ಗೊತ್ತಿಲ್ಲ ಮೇಡಂ."

ಅತ್ತೆ ಬಿದ್ದದ್ದು ಈ ಮಾತಿಗೇ ಎಂದು ನನ್ನ ಗುಮಾನಿ. ಡಬ್ಬ ಕಲಿಯುವವರೆಗೆ ಭಾನುವಾರ ಮತ್ತೆ ಆರ್ಗನ್ನೇ ಎಂದಾಯಿತು. ಅಂದಿನಿಂದ ಸಂಜೆಯಾದರೆ ಇಬ್ಬರೂ ಚರ್ಚಿನಲ್ಲಿ. ಅವಳು ನುಡಿಸುವುದು, ಅವರು ಕಂಪ್ಯೂಟರಿಗೆ ಉಸಿರು ಕಲಿಸುವುದು, ನಡುನಡುವೆ ಇಬ್ಬರೂ ಕಾಲು ಕೆರೆದುಕೊಂಡು ಜಗಳಕ್ಕೆ ನಿಲ್ಲುವುದು. ಒಂದು ದಿನ ಊಟದ ಹೊತ್ತಿಗೆ ಅತ್ತೆ ತಟ್ಟೆಯಿಂದ ತಲೆಯೆತ್ತದೆ ಹೇಳಿದಳು: "ನಾನೂ ಲಿಫ್ಟ್ ಸಾರೂ ಮದುವೆ ಆಗೋಣ ಅಂತಿದ್ದೀವಿ. ಉಪ್ಪು ಕೊಡು."

ಅಪ್ಪನಿಗೆ ಅನ್ನ ನೆತ್ತಿಗೇರಿತು. ನಾನು ಕುರ್ಚಿ ಹತ್ತಿ ಕುಣಿದೆ. ನಗು, ಅಳು, ಕಿರುಚಾಟ ಎಲ್ಲ ಒಂದು ಹದಕ್ಕೆ ಬಂದ ಮೇಲೆ ಅಮ್ಮ ಕೇಳಿದಳು: "ಅಲ್ಲ ಅತ್ತಿಗೆ, ಆರ್ಗನ್ ನುಡಿಸೋರು ನೀವು. ಕಂಪ್ಯೂಟರ್ ನೋಡ್ಕೊಳ್ಳೋರು ಅವರು. ನಿಮ್ಮಿಬ್ಬರ ಮದುವೆಗೆ ಹಾಡು ಯಾರು ನುಡಿಸ್ತಾರೆ?"

ಅತ್ತೆಯ ಮುಖ ಸಪ್ಪಗಾಯಿತು. ಹೊರಗಿನಿಂದ ಯಾರನ್ನಾದರೂ ಕರೆಸಿದರೆ ಮೂರನೆಯ ಸಾಲಿಗೆ ಮತ್ತೆ ಅದೇ ಗೋಳು. ಸೀರೆ, ಹೂವು, ಊಟ ಯಾವುದರ ಬಗ್ಗೆಯೂ ತಲೆ ಕೆಡಿಸಿಕೊಳ್ಳದವಳು ಇದಕ್ಕೆ ಕಣ್ಣೀರಿಟ್ಟಳು. "ಎಲ್ಲಾ ಹುಡುಗೀರೂ ನನ್ನ ಬೆನ್ನ ಹಿಂದೆ ನಡ್ಕೊಂಡ್ಹೋದ್ರು ಕಣೇ. ಒಂದೇ ಒಂದ್ಸಲ ನಾನೂ ಹಾಡಿಗೆ ಹೆಜ್ಜೆ ಹಾಕ್ಕೊಂಡು ನಡೀಬೇಕು. ಬೇರೇನೂ ಬೇಡ ನಂಗೆ" ಎಂದಳು.

ಅವಳೇ ಒಂದು ಉಪಾಯ ಹುಡುಕಿದಳು. ಮೊದಲ ಚರಣ ತಾನೇ ನುಡಿಸಿ, ಪಕ್ಕದ ಬಾಗಿಲಿನಿಂದ ಓಡಿ, ಕಟ್ಟಡ ಸುತ್ತಿ ಬಂದು ಮುಂಬಾಗಿಲಿನಿಂದ ವಧುವಾಗಿ ಪ್ರವೇಶ! ಒಮ್ಮೆ ಪ್ರಯತ್ನಿಸಿಯೂ ನೋಡಿದಳು. ಏದುಸಿರು ಬಿಡುತ್ತ, ಒಂದು ಚಪ್ಪಲಿ ಕಳೆದುಕೊಂಡು ಬಾಗಿಲಿಗೆ ಬಂದು ಅವಳು ನಿಲ್ಲುವಷ್ಟರಲ್ಲಿ ಚರ್ಚು ನಿಶ್ಶಬ್ದ. "ಇದು ಮದುವೆನೋ ಓಟದ ಪಂದ್ಯನೋ?" ಎಂದರು ಪಾಸ್ಟರ್.

ದಾರಿ ತೋರಿಸಿದ್ದು ಲಿಫ್ಟ್ ಸಾರ್. "ನೀವು ನುಡಿಸಿ, ನಾನು ರೆಕಾರ್ಡ್ ಮಾಡ್ಕೋತೀನಿ. ಆವತ್ತು ಮುಂದೆ ನಿಂತ್ಕೊಂಡೇ ಫೋನಲ್ಲಿ ಶುರು ಮಾಡ್ತೀನಿ." ಕೇಳುವುದಕ್ಕೆ ಸುಲಭ. ಆದರೆ ಅತ್ತೆಯ ಬಾಯಿ ಸುಮ್ಮನಿರಬೇಕಲ್ಲ? ಪ್ರತಿ ರೆಕಾರ್ಡಿನಲ್ಲೂ ಹಾಡಿಗಿಂತ ಅವಳ ಬೈಗುಳವೇ ಜೋರು. ಕೊನೆಗೆ ಅವಳು ಬಾಯಿಗೆ ಕರವಸ್ತ್ರ ತುರುಕಿಕೊಂಡು ನುಡಿಸಿದ್ದೊಂದು ಚೊಕ್ಕವಾಗಿ ಬಂತು.

ಮದುವೆಯ ದಿನ ಚರ್ಚು ಕಿಕ್ಕಿರಿದಿತ್ತು. ಅತ್ತೆ ಅಪ್ಪನ ಕೈ ಹಿಡಿದು ಬಾಗಿಲಲ್ಲಿ ನಿಂತಳು, ಅವಳ ಹಿಂದೆ ನಾನು. ಮುಂದೆ ಲಿಫ್ಟ್ ಸಾರ್ ಅವಳನ್ನೇ ನೋಡುತ್ತ ಫೋನು ಒತ್ತಿದರು. "ರೀ, ಆ ದರಿದ್ರ ಫ್ಯಾನ್ ಆಫ್ ಮಾಡ್ರೀ!" ಎಂದು ಅತ್ತೆಯ ದನಿ ಸ್ಪೀಕರಿನಲ್ಲಿ ಗುಡುಗಿತು. ಯಾರೋ ಹೌಹಾರಿ ಎದ್ದು ಚರ್ಚಿನ ಅಷ್ಟೂ ಫ್ಯಾನು ನಿಲ್ಲಿಸಿದರು. ನಗುವಿನ ಅಲೆ ಇಳಿಯುವ ಮೊದಲೇ ಸರಿಯಾದ ರೆಕಾರ್ಡು ಶುರುವಾಯಿತು.

ಅತ್ತೆ ನಡೆದಳು. ಮೂರನೆಯ ಸಾಲು ಮುಗಿಯಿತು, ಸಭೆ ನಿಂತಿತು, ಸ್ಪೀಕರಿನಲ್ಲಿ ಅತ್ತೆಯ ಕಾಲುಗಳು ದಬದಬ ತುಳಿದವು, ನಾಲ್ಕನೆಯ ಸಾಲಿಗೆ ಇಡೀ ಚರ್ಚು ಒಟ್ಟಿಗೆ ದನಿಯೆತ್ತಿತು. ಆಗ ಅತ್ತೆ ನಡುದಾರಿಯಲ್ಲಿ ನಿಂತುಬಿಟ್ಟಳು. ಅಪ್ಪ ಗಾಬರಿಯಾಗಿ ಕೇಳಿದರು: "ಏನಾಯ್ತಕ್ಕಾ?"

"ಶ್, ಸುಮ್ನಿರು. ಕೇಳ್ತಿದ್ದೀನಿ."

ಅಷ್ಟು ವರ್ಷ ಅವಳು ಸಭೆಗೆ ಬೆನ್ನು ಹಾಕಿ ಕೂತಿದ್ದಳು. ಕಿವಿಯ ಪಕ್ಕದಲ್ಲೇ ಆರ್ಗನ್ನಿನ ಮೊರೆತ. ಇಷ್ಟು ಜನ ಹಾಡುವುದನ್ನು ಅವಳು ಒಮ್ಮೆಯೂ ಸರಿಯಾಗಿ ಕೇಳಿಯೇ ಇರಲಿಲ್ಲ. ಅವಳ ಕಣ್ಣಲ್ಲಿ ನೀರು, ಬಾಯ್ತುಂಬ ನಗು. ಹಾಡು ಮುಗಿಯಿತು, ಅತ್ತೆ ಅಲ್ಲೇ ಇದ್ದಳು. ಪಾಸ್ಟರ್ ಬನ್ನಿ ಬನ್ನಿ ಎಂದು ಕೈಸನ್ನೆ ಮಾಡಿದರು.

"ರೀ," ಅತ್ತೆ ಅಲ್ಲಿಂದಲೇ ಕೂಗಿದಳು, "ಇನ್ನೊಂದ್ಸಲ ಹಾಕ್ರೀ. ಎಷ್ಟು ಚೆನ್ನಾಗಿ ಹಾಡ್ತಾರೆ ಇವ್ರು!"

ಲಿಫ್ಟ್ ಸಾರ್ ಮತ್ತೆ ಫೋನು ಒತ್ತಿದರು. ಅತ್ತೆ ಅಪ್ಪನ ಕೈ ಬಿಟ್ಟು, ಪಕ್ಕದ ಬೆಂಚಿನವರನ್ನು ಒತ್ತರಿಸಿ, ಜನರ ನಡುವೆ ಕೂತೇಬಿಟ್ಟಳು. ಲಿಫ್ಟ್ ಸಾರ್ ಒಂದು ಗಳಿಗೆ ನೋಡಿದರು. ಆಮೇಲೆ ಬಲಿಪೀಠದ ಮುಂದಿನಿಂದ ಹಾಡಿಗೆ ಹೆಜ್ಜೆ ಹಾಕಿಕೊಂಡು ಅವರೇ ನಡೆದು ಬಂದು ಅವಳ ಪಕ್ಕ ಕೂತರು. ಹಾಡು ಪೂರ್ತಿ ಮುಗಿಯುವವರೆಗೆ ಕಾದು, ಪಾಸ್ಟರ್ ಪುಸ್ತಕ ಹಿಡಿದು ಆ ಬೆಂಚಿನ ಬಳಿಗೇ ಬಂದು ಮದುವೆ ಮಾಡಿಸಿದರು.