ರಾಬಿನಜ್ಜನ ಮೊಳ

ಹೂವಿನಹಡಗಲಿಯಲ್ಲಿ ಎಲ್ಲರಿಗಿಂತ ಉದ್ದನೆಯ ಮೊಳ ರಾಬಿನಜ್ಜನದು. ಇಂಗ್ಲೆಂಡಿನವನು, ಬಾಗಿಲಲ್ಲಿ ತಲೆ ಬಗ್ಗಿಸಿಯೇ ಬರಬೇಕಾದ ಆಳು. ತಾನೇ ಹಾಡು ಕಟ್ಟಿ ಗಿಟಾರ್ ನುಡಿಸಿಕೊಂಡು ಹಾಡುವುದು ಅವನ ಕಸುಬು. ಹಂಪಿ ನೋಡಲು ಬಂದವನು ನಮ್ಮೂರ ಮಲ್ಲಿಗೆಗೆ ಮನಸೋತು, ಆಮೇಲೆ ಪ್ರತಿವರ್ಷ ಶಿವರಾತ್ರಿಗೆ ಬಂದು ನಮ್ಮ ಮಾಳಿಗೆಯ ಕೋಣೆಯಲ್ಲಿ ಇರುತ್ತಿದ್ದ. ಮಳೆ ಹಿಡಿಯುವ ಹೊತ್ತಿಗೆ ಹೋಗುತ್ತಿದ್ದ.

ನಮ್ಮವ್ವ ಬಸ್ ಸ್ಟ್ಯಾಂಡಿನ ಮುಂದೆ ಹೂ ಮಾರುತ್ತಾಳೆ. ಅಜ್ಜ ಕನ್ನಡ ಕಲಿತದ್ದು ಅವಳ ಬುಟ್ಟಿಯ ಪಕ್ಕ ಕೂತು, ಗಿರಾಕಿಗಳಿಂದ. ಹಾಗಾಗಿ ತನಗಿಂತ ಸಣ್ಣವಳಾದ ಅವ್ವನನ್ನೂ ಅಕ್ಕ ಎನ್ನುತ್ತಿದ್ದ. ಹೂವಿಗೆ ಬಾಯಿ ಹಾಕಲು ಬಂದ ಆಡಿಗೂ "ಅತ್ತಾಗ ಸರೀರಿ" ಎಂದು ಮರ್ಯಾದೆ ಕೊಡುತ್ತಿದ್ದ.

ಅವ್ವ ಚಹಾಕ್ಕೆ ಎದ್ದರೆ ವ್ಯಾಪಾರ ಅಜ್ಜನದು. ಮೊಣಕೈಯಿಂದ ಬೆರಳ ತುದಿಯವರೆಗೆ ಅವನು ಅಳೆದರೆ ಅವ್ವನ ಮೊಳಕ್ಕಿಂತ ಅರ್ಧ ಗೇಣು ಹೆಚ್ಚು. ಹೆಂಗಸರು ಬೇವಿನ ಮರದ ಮರೆಯಲ್ಲಿ ನಿಂತು ಅವ್ವ ಏಳುವುದನ್ನೇ ಕಾಯತೊಡಗಿದರು. ಗುಟ್ಟು ರಟ್ಟಾದ ದಿನ ಅವ್ವ, "ಅಣ್ಣಾ, ನಿಮ್ಮ ಕೈಗೆ ನನ್ನ ಬುಟ್ಟಿ ಸಾಲಂಗಿಲ್ರಿ" ಎಂದು ಊರಿಗೆಲ್ಲ ಕೇಳುವಂತೆ ಬೈದಳು. ಮರುದಿನವೇ ಅಜ್ಜನ ಹಾಡು ತಯಾರು: "ನನ್ನ ಮೊಳ ಉದ್ದರಿ, ಅಕ್ಕನ ಬೈಗುಳ ಇನ್ನೂ ಉದ್ದರಿ." ಹರಪನಹಳ್ಳಿ ಬಸ್ಸಿನ ಕಂಡಕ್ಟರ್ ಕೂಡ ಅದನ್ನು ಕಲಿತ. ಅವ್ವ ಹೊರಗೆ ಮುಖ ಗಂಟಿಕ್ಕಿದಳು, ರೊಟ್ಟಿ ಬಡಿಯುವಾಗ ಅದನ್ನೇ ಗುನುಗಿದಳು.

ಕಳೆದ ವರ್ಷ ಬಂದಾಗ ಹಾಡಿಗಿಂತ ಅಜ್ಜನ ಮಾತೇ ಹೆಚ್ಚಿತ್ತು. ನಾವೆಲ್ಲ ನಗುತ್ತಿದ್ದೆವು. ಅವ್ವ ಮಾತ್ರ ನಗಲಿಲ್ಲ. "ಬೆರಳು ನೋಯ್ತಾವೇನ್ರಿ?" ಎಂದು ನೇರವಾಗಿ ಕೇಳಿಬಿಟ್ಟಳು. ಅಜ್ಜ ಎಡಗೈಯನ್ನು ಜೇಬಿನಿಂದ ತೆಗೆದ. ಎರಡು ಬೆರಳು ಸೆಟೆದಿದ್ದವು. "ಗಿಟಾರ್ ಇಲ್ಲಂದ್ರ ನಾನು ಬರೀ ಉದ್ದನ್ನ ಮುದುಕರಿ" ಎಂದ. ಅವನು ಅಷ್ಟು ಹೆದರಿದ್ದನ್ನು ನಾನು ಎಂದೂ ಕಂಡಿರಲಿಲ್ಲ.

ಮರುದಿನ ಬೆಳಿಗ್ಗೆ ಅವ್ವ ಅವನ ಮುಂದೆ ಮೊಗ್ಗಿನ ರಾಶಿ ಸುರಿದಳು. ಸುಮ್ಮನೆ ಕುಂತರೆ ಬೆರಳಿಗೂ ತುಕ್ಕು ಹಿಡಿಯುತ್ತದೆ, ಹೂ ಕಟ್ಟಿರಿ ಎಂದಳು. ಅಜ್ಜ ದಿನಾ ಕಟ್ಟಿದ. ಅವನ ಗಂಟೆಲ್ಲ ಸಡಿಲ. ಅವನಿಗೆ ಕಾಣದಂತೆ ಅವ್ವ ಮತ್ತೆ ಬಿಗಿಯುತ್ತಿದ್ದಳು. ಬೆರಳು ಮಾತ್ರ ಸುಧಾರಿಸಲಿಲ್ಲ.

ಹೊರಡುವ ದಿನ ಬಸ್ ಸ್ಟ್ಯಾಂಡಿನಲ್ಲಿ ಗಿಟಾರ್ ಎತ್ತಿಕೊಂಡವನು ತಂತಿ ಒತ್ತಲಾಗದೆ ಕೆಳಗಿಟ್ಟ. ಅವ್ವ ಹೂವಿಗೆ ನೀರು ಚಿಮುಕಿಸುವ ಡಬ್ಬಿಯನ್ನು ಬೋರಲು ಹಾಕಿ ತಾಳ ಬಡಿದಳು. "ಹಾಡ್ರಿ. ನನ್ನ ಬೈಗುಳದ ಹಾಡು ಹಾಡ್ರಿ." ಅಜ್ಜ ಬರೀ ದನಿಯಲ್ಲಿ, ನಗುತ್ತಾ, ಕಣ್ಣೊರೆಸಿಕೊಳ್ಳುತ್ತಾ ಪೂರ್ತಿ ಹಾಡಿದ.

ಈ ಶಿವರಾತ್ರಿಗೆ ಅವನು ಬರಲಿಲ್ಲ. ಅವನ ಮಗಳು ಫೋನ್ ಮಾಡಿ, ಅಪ್ಪ ತೀರಿಹೋದರು ಎಂದಳು. ನಾನು ಅತ್ತುಬಿಟ್ಟೆ. ಅವ್ವ ಬುಟ್ಟಿ ಹೊತ್ತು ಹೊರಟಳು, ನಾನೂ ಹಿಂದೆ ಹೋದೆ. ಮೊದಲ ಗಿರಾಕಿ ಒಂದು ಮೊಳ ಕೇಳಿದಳು. ಅವ್ವ ಮೊಣಕೈಯಿಂದ ಬೆರಳ ತುದಿಯವರೆಗೆ ಅಳೆದಳು. ಕತ್ತರಿಸಲಿಲ್ಲ. ಇನ್ನರ್ಧ ಗೇಣು ಬಿಟ್ಟಳು. ಹೆಚ್ಚಾಯಿತಲ್ಲ ಎಂದೆ.

"ಇರ್ಲಿ ಬಿಡು" ಎಂದಳು. "ಇವತ್ತು ಅಣ್ಣನ ಮೊಳ."