ಕೆಲಸವಿಲ್ಲದೆ ಕಂಪನಿ ಬಸ್ಸು ಹತ್ತಿದ್ದು

ತೊಂಬತ್ತರ ದಶಕದ ಆರಂಭದಲ್ಲಿ ನಾನು, ಅಣ್ಣ, ಅಣ್ಣನ ಹೆಂಡತಿ ವೈನಿ ಮೂವರೂ ಗೋವೆಯ ಕೆಪೆಯಲ್ಲಿ ಒಂದು ಕೋಣೆಯ ಬಾಡಿಗೆ ಮನೆಯಲ್ಲಿದ್ದೆವು. ವಿಜಾಪುರದ ಕಡೆಯಿಂದ ಬಂದ ಅಣ್ಣ ಗೌಂಡಿ ಕೆಲಸ ಮಾಡುತ್ತಿದ್ದ. ಆ ವರ್ಷ ಸಿಮೆಂಟು, ಕಬ್ಬಿಣ ಎರಡೂ ತುಟ್ಟಿಯಾದವು. ಮನೆ ಕಟ್ಟಿಸುವವರೆಲ್ಲ ಗೋಡೆಗಳನ್ನು ಎದೆಮಟ್ಟಕ್ಕೆ ನಿಲ್ಲಿಸಿ ಸುಮ್ಮನಾದರು. ಅಣ್ಣ ನಮ್ಮ ಮನೆಯ ಗೋಡೆಗೆ ಒರಗಿ ಕೂತ. ನಾನು ಹತ್ತನೇ ತರಗತಿ ಪಾಸಾದವಳು. ಇನ್ನು ಸಂಸಾರದ ಭಾರವೆಲ್ಲ ನನ್ನ ಸರ್ಟಿಫಿಕೇಟಿನ ಮೇಲೆ ಎಂದುಕೊಂಡು, ಅದನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟುಕೊಂಡು ವೆರ್ಣಾದ ಕಾರ್ಖಾನೆಗಳ ಗೇಟು ಗೇಟು ಸುತ್ತಿದೆ. ನನ್ನೊಬ್ಬಳನ್ನೇ ಕಳಿಸಬಾರದೆಂದು ವೈನಿಯೂ ಜೊತೆಗೆ ಬರುತ್ತಿದ್ದಳು. ಅವಳು ಶಾಲೆಯ ಮುಖ ಕಂಡವಳಲ್ಲ.

ಎಲ್ಲ ಗೇಟುಗಳಲ್ಲೂ ಒಂದೇ ಉತ್ತರ. "ಕಾಮ್ ನಾ. ಫಾಲ್ಯಾಂ ಯೋ." ಕೆಲಸವಿಲ್ಲ, ನಾಳೆ ಬಾ. ಹತ್ತು ದಿನ ನಾಳೆ ನಾಳೆ ಎಂದು ತಿರುಗಿದ ಮೇಲೆ ವೈನಿ ರಸ್ತೆಬದಿಯಲ್ಲಿ ಕೂತು, ಔಷಧ ಕಾರ್ಖಾನೆಯೊಂದರ ಗೇಟನ್ನೇ ದಿಟ್ಟಿಸಿದಳು. ಕಂಪನಿಯ ಬಸ್ಸು ಬಂತು, ಕಾವಲುಗಾರ ಎದ್ದು ಗೇಟು ತೆರೆದ, ಬಸ್ಸು ಒಳಗೆ ಹೋಯಿತು.

"ನೋಡಿದಿ? ನಡಕೋತ ಬಂದೋರನ್ನ ಕೇಳ್ತಾನ. ಬಸ್ಸಿನ್ಯಾಗ ಬಂದೋರಿಗೆ ಎದ್ದು ನಿಂದರ್ತಾನ," ಎಂದಳು ವೈನಿ.

ಮರುದಿನ ಬೆಳಿಗ್ಗೆ ಕೆಪೆಯ ಪೇಟೆಯಲ್ಲಿ ಅದೇ ಕಂಪನಿಯ ಬಸ್ಸಿಗೆ ಕಾಯುತ್ತಿದ್ದ ಹೆಂಗಸರ ನಡುವೆ ನಾವೂ ನಿಂತೆವು. ನಾನು ಎಲ್ಲರ ಬೆನ್ನ ಹಿಂದೆ ಸರಿದೆ. ವೈನಿ ಮಾತ್ರ ಹತ್ತು ವರ್ಷದ ನೌಕರಿಯವಳಂತೆ ಹತ್ತಿ ಕಿಟಕಿಯ ಪಕ್ಕ ಕೂತಳು. ಡ್ರೈವರ್ ಬಾಗಲಕೋಟೆಯ ಕಡೆಯವನು.

"ಅಕ್ಕಾರ, ಯಾವ ಡಿಪಾರ್ಟ್‌ಮೆಂಟ್ರಿ?"

"ಹೊಸದಾಗಿ ಬರಾಕತ್ತೀವ್ರಿ ಅಣ್ಣಾರ. ಅದರ ಹೆಸರು ಇನ್ನೂ ನಾಲಿಗಿಗೆ ಕುಂತಿಲ್ಲ," ಎಂದಳು ವೈನಿ.

ಅವನು ನಕ್ಕು ಗೇರು ಹಾಕಿದ. ಗೇಟಿನಲ್ಲಿ ಕಾವಲುಗಾರ ಎದ್ದು ನಿಂತ. ವೈನಿ ಅವನಿಗೆ ಕೈಬೀಸಿದಳು. ನಾನು ಸೀಟಿನ ಕೆಳಗೆ ಏನೋ ಹುಡುಕುವವಳಂತೆ ಬಗ್ಗಿಬಿಟ್ಟೆ.

ಒಳಗೆ ಎಲ್ಲರೂ ಗೂಟಕ್ಕೆ ತೂಗುಹಾಕಿದ್ದ ನೀಲಿ ಕೋಟು ಹಾಕಿಕೊಂಡರು. ನಾವೂ ಹಾಕಿಕೊಂಡೆವು. ಉದ್ದ ಮೇಜಿನ ಮುಂದೆ ಸಾಲಾಗಿ ನಿಂತು, ಕೆಮ್ಮಿನ ಔಷಧದ ಬಾಟಲಿಗಳಿಗೆ ಚೀಟಿ ಅಂಟಿಸುವ ಕೆಲಸ.

"ತಂಗಿ, ಈ ಚೀಟಿಗೆ ತಲಿ ಯಾವ ಕಡೆ?" ಎಂದು ವೈನಿ ಪಿಸುಗುಟ್ಟಿದಳು. ತೋರಿಸಿಕೊಟ್ಟೆ. ಆಮೇಲೆ ಅವಳು ತಲೆ ಎತ್ತಲಿಲ್ಲ. ಕೈ ಸರಸರನೆ ಓಡಿತು. ನಾನೋ, ಚೀಟಿಯಲ್ಲಿರುವುದನ್ನು ಓದದೆ ಅಂಟಿಸುವುದು ಹೇಗೆ? ಊಟವಾದ ಮೇಲೆ ಎರಡು ಚಮಚ, ಮಕ್ಕಳಿಗೆ ಒಂದು, ಚೆನ್ನಾಗಿ ಅಲುಗಾಡಿಸಬೇಕು. ಓದುತ್ತ ಓದುತ್ತ ನನ್ನ ಚೀಟಿಗಳೆಲ್ಲ ಕುಡಿದವರಂತೆ ವಾಲಿಕೊಂಡವು.

ಮಧ್ಯಾಹ್ನದ ಊಟಕ್ಕೆ ಮುಂಚೆ ಸೂಪರ್‌ವೈಸರ್ ಬಾಯಿಯವರು ಹಾಜರಿ ಕಾರ್ಡು ಎಣಿಸಿದರು. ಗೋವೆಯವರೇ ಆದ ದಪ್ಪ ಕನ್ನಡಕದ ಹೆಂಗಸು. ಕಾರ್ಡಿಗಿಂತ ತಲೆಗಳು ಎರಡು ಹೆಚ್ಚಿದ್ದವು. ಅವರು ನಮ್ಮ ಮುಂದೆ ಬಂದು ನಿಂತು ಹಿಂದಿಯಲ್ಲಿ ಕಾರ್ಡು ಎಲ್ಲಿ ಎಂದು ಕೇಳಿದರು.

"ಕಾರ್ಡ್ ಇಲ್ಲ, ಕೆಲಸಾನೂ ಇಲ್ಲ. ಅದಕ್ಕ ಬಂದೀವಿ ಅಂತ ಹೇಳು," ಎಂದಳು ವೈನಿ.

ನನಗೆ ಬಂದಷ್ಟು ಹಿಂದಿಯಲ್ಲಿ ಅದನ್ನು ಹೇಳಿದೆ. ಇವಳು ಬರೀ ಜೊತೆಗೆ ಬಂದವಳು, ಓದಿದವಳು ನಾನು ಎಂದು ನನ್ನದೊಂದು ಮಾತನ್ನೂ ಸೇರಿಸಿ, ಸರ್ಟಿಫಿಕೇಟು ಹೊರತೆಗೆದೆ. ಅವರು ಅದನ್ನು ನೋಡಲೇ ಇಲ್ಲ. ವೈನಿಯ ಬಾಟಲಿಯೊಂದನ್ನು ಎತ್ತಿ ತಿರುಗಿಸಿದರು, ನನ್ನದೊಂದನ್ನು ಎತ್ತಿದರು. ಸಾಲಿನ ಹೆಂಗಸರು ಕಿಸಕ್ಕೆಂದರು. ಸೂಪರ್‌ವೈಸರ್ ವೈನಿಯನ್ನು ತೋರಿಸಿ, ಇವಳು ನಾಳೆಯಿಂದ ಬರಲಿ, ನಿನ್ನನ್ನು ಇಟ್ಟುಕೊಂಡರೆ ಊರಿನವರ ಕೆಮ್ಮು ಹೋಗುವುದಿಲ್ಲ ಎಂದು ನಕ್ಕುಬಿಟ್ಟರು.

"ಏನಂದ್ರು?" ಎಂದಳು ವೈನಿ.

ನನ್ನ ಬಾಯಿಗೆ ಸುಳ್ಳೇ ಮೊದಲು ಬಂತು. "ಇಬ್ರೂ ಮನಿಗೆ ಹೋಗ್ರಿ ಅಂದ್ರು."

ವೈನಿ ಒಮ್ಮೆ ಸೂಪರ್‌ವೈಸರ್ ಮುಖ ನೋಡಿದಳು, ಒಮ್ಮೆ ನನ್ನದು. "ಹೊರಗ ಹಾಕೋರು ಹಿಂಗ ನಗಂಗಿಲ್ಲ. ಖರೇ ಹೇಳು."

ಹೇಳಿದೆ. ಹೇಳುವಾಗ ಕಣ್ಣಲ್ಲಿ ನೀರೂ ಬಂತು. ವೈನಿ ಬಯ್ಯಲಿಲ್ಲ. ನನ್ನ ಕೋಟಿನ ಗುಂಡಿ ತಾನೇ ಬಿಚ್ಚಿ, "ನಿನಗೂ ಒಂದು ಸಿಗ್ತದ. ಮೊದಲ ಮೂಗು ಒರಸ್ಕೋ," ಎಂದಳು.

ನನಗೆ ಸಿಕ್ಕಿದ್ದು ಎರಡು ತಿಂಗಳ ನಂತರ, ಕೆಪೆಯ ಪೇಟೆಯ ಟೆಲಿಫೋನ್ ಬೂತಿನಲ್ಲಿ. ಊರಿಗೆ ಫೋನು ಮಾಡಲು ಬರುವ ನಮ್ಮ ಕಡೆಯ ಕೂಲಿಯವರಿಗೆ ಕನ್ನಡದಲ್ಲಿ ನಂಬರ್ ಕೇಳಿ ತಿರುಗಿಸಿಕೊಡುವ ಕೆಲಸ. ಅಣ್ಣನ ಗೋಡೆಗಳು ಮೇಲೇಳಲು ಇನ್ನೊಂದು ಮಳೆಗಾಲ ಹಿಡಿಯಿತು. ಅಲ್ಲಿಯವರೆಗೆ ಮನೆಯಲ್ಲಿ ಅವನೇ ಅಡುಗೆಯವನು. ಗೌಂಡಿಯ ಕೈ, ರೊಟ್ಟಿ ದಪ್ಪಗೆ ಬರುತ್ತಿತ್ತು, ಅಂಚು ಮಾತ್ರ ನೇರ. ನಾನು ಮತ್ತು ವೈನಿ ಒಬ್ಬರ ಮುಖ ಒಬ್ಬರು ನೋಡದೆ ತಿನ್ನುತ್ತಿದ್ದೆವು. ನೋಡಿದರೆ ನಗು ತಡೆಯಲಾಗುತ್ತಿರಲಿಲ್ಲ.